ನಾಲ್ಕಕ್ಕೆ ಮೂರು

ತಾರ್ತು ಊರಿನಲ್ಲಿ, ಗಡಿಯಾರ ರಿಪೇರಿಯವನ ಪಕ್ಕ
ನನ್ನದೊಂದು ಕೋಣೆ. ಹಳೇ ಟೇಪು ತಂದವರಿಗೆ
ಹೊಸ ಫೈಲು ಮಾಡಿ ಕೊಡುತ್ತೇನೆ.
ಮದುವೆ, ನಾಮಕರಣ, ಒಮ್ಮೊಮ್ಮೆ ಬರೀ ಒಂದು ಹಸು,
ಯಾರು ಯಾಕೆ ಹಿಡಿದರೋ, ಹನ್ನೊಂದು ನಿಮಿಷ.

ಮೈಮು ತಂದದ್ದು ಬೆಂಕಿಪೊಟ್ಟಣದಷ್ಟು ಟೇಪು.
ಮೇಲೆ ಪೆನ್ಸಿಲಿನಲ್ಲಿ: ಪೈಪ್ಸಿ ಸರೋವರ, ಮಾರ್ಚ್.
ಜೊತೆಗೆ ಮಗಳು ಕೈಸಾ, ಇಪ್ಪತ್ತೆರಡರ ಆಸುಪಾಸು,
ಕೈಗವಸು ತೆಗೆಯದೆ ನಿಂತವಳು.

ಹಾಕಿದೆ. ಕಣ್ಣು ಕುಕ್ಕುವ ಬಿಳಿ.
ಅದರ ನಡುವೆ ಒಬ್ಬ ಗಂಡಸು
ಬೈರಿಗೆ ತಿರುಗಿಸುತ್ತ ಐಸು ಕೊರೆಯುತ್ತಿದ್ದಾನೆ.
ಬಾಗಿಲಗಲ ಹೆಗಲು, ಕುಂಬಳದ ಮುಖ.
"ಅಪ್ಪ" ಎಂದಳು ಕೈಸಾ, ಪರಿಚಯ ಮಾಡಿಸುವವಳಂತೆ.

ನಾನು ಮೊದಲು ಮುಖ ನೋಡುವುದಿಲ್ಲ.
ಮುಖ ಯಾವ ಅಳತೆಗೂ ಒಗ್ಗಿಕೊಂಡು ನಂಬಿಸಿಬಿಡುತ್ತದೆ.
ದುಂಡಗಿರಲೇಬೇಕಾದದ್ದನ್ನು ಹುಡುಕುತ್ತೇನೆ:
ತಟ್ಟೆ, ಗಾಲಿ, ಅಂಗಿಯ ಗುಂಡಿ,
ಹುಣ್ಣಿಮೆಯಿದ್ದರೆ ಹುಣ್ಣಿಮೆ.
ಇಲ್ಲಿ ಸಿಕ್ಕಿದ್ದು ಐಸಿನ ತೂತು.
ಕ್ಯಾಮೆರಾ ಅದರ ಮೇಲೆಯೇ ಬಗ್ಗಿತು, ನೆಟ್ಟಗೆ ಕೆಳಗೆ;
ಕಪ್ಪು ನೀರು ಮೇಲೆ ಬಂತು, ಮೊಟ್ಟೆಯ ಆಕಾರದಲ್ಲಿ.
ಬೈರಿಗೆ ಎಂದಾದರೂ ಮೊಟ್ಟೆ ಕೊರೆದದ್ದುಂಟೆ?

ಟೇಪು ಕೊಡುವುದು ಅಡ್ಡಕ್ಕೆ ಏಳುನೂರ ಇಪ್ಪತ್ತು ಚುಕ್ಕಿ,
ನಿಲುವಿಗೆ ಐನೂರ ಎಪ್ಪತ್ತಾರು.
ಭಾಗಿಸಿದರೆ ಐದಕ್ಕೆ ನಾಲ್ಕು ಬರುತ್ತದೆ, ನಾಲ್ಕಕ್ಕೆ ಮೂರಲ್ಲ.
ಈ ಲೆಕ್ಕ ಕಲಿಸಿದ ಮುದುಕ ಕಲ್ಯು
ಮೂರು ದಿನ ನನ್ನನ್ನು ಕೂರಿಸಿ ಬೈದಿದ್ದ:
ಚುಕ್ಕಿ ಚೌಕವಲ್ಲ ಮಾರಾಯ, ಕೂದಲೆಳೆಯಷ್ಟು ಅಗಲ.
ಚೌಕ ಅಂದುಕೊಂಡೆಯೋ, ಎಲ್ಲರೂ ಸ್ವಲ್ಪ ಬಡಕಲು.
ಅಗಲದ ಟಿವಿಗೆ ಒಪ್ಪಿಸಿಬಿಟ್ಟೆಯೋ,
ಎಲ್ಲರೂ ಜಮೀನ್ದಾರರು.

ಒಂದು ಸೆಟ್ಟಿಂಗ್ ಬದಲಿಸಿದೆ. ಅಷ್ಟೇ.
ಎರಡೂ ಕಡೆಯಿಂದ ಐಸು ಒಳಕ್ಕೆ ಸರಿಯಿತು,
ತೂತು ಬಳೆಯಂತೆ ದುಂಡಗಾಯಿತು.
ಮುಂದೆ ಬಿಟ್ಟೆ. ಗಂಡಸು ತಲೆಯೆತ್ತಿದ.

ಸಪೂರ. ಕೋಟಿನೊಳಗೆ ಇನ್ನೊಬ್ಬನಿಗೆ ಜಾಗವಿದೆ.
ಕೆನ್ನೆಯಲ್ಲೊಂದು ಗುಳಿ, ಅದರಲ್ಲಿ ನೆರಳು.
"ಯಾರಿದು?" ಎಂದಳು ಕೈಸಾ.

ಆಮೇಲೆ ಗೊತ್ತಾಯಿತು: ಅವಳಿಗೆ ಏಳು ತುಂಬಿದಾಗ
ಮನೆಗೆ ಅಗಲದ ಟಿವಿ ಬಂತು.
ಪ್ರತಿ ಕ್ರಿಸ್ಮಸ್‌ಗೆ ಇದೇ ಟೇಪು.
ಪರದೆ ತುಂಬಿರಲಿ ಎಂದು ಯಾರೋ ಒತ್ತಿದ ಗುಂಡಿ,
ಹದಿನೈದು ಚಳಿಗಾಲ ಅಪ್ಪ ಹಿಗ್ಗಿದ್ದ.
ಹಿಗ್ಗಿದ್ದ ಎಂಬ ಮಾತಿಗೆ ಎರಡು ಅರ್ಥ, ಎರಡೂ ಸರಿ.
ನಾನೀಗ ಕುಗ್ಗಿಸಿದ್ದೆ.

"ವಾಪಸ್ ಮಾಡಿ. ಅಪ್ಪ ಹಾಗಿರಲಿಲ್ಲ."
ಮೈಮು ಕನ್ನಡಕ ಹಣೆಗೇರಿಸಿ
ಉಸಿರು ತಾಗುವಷ್ಟು ಪರದೆಯ ಹತ್ತಿರ ಬಂದಳು.
"ಹೀಗೇ ಇದ್ದ. ಆ ಮಾರ್ಚಿಗೆ ಅವನ ಬೆಲ್ಟಿಗೆ
ಮೊಳೆಯಲ್ಲಿ ನಾಲ್ಕನೇ ತೂತು ಹೊಡೆದವಳು ನಾನು.
ಟಿವಿಯಲ್ಲಿ ಹಾಗೆ ಕಂಡಾಗ ಹೇಳಲಿಲ್ಲ.
ಮೈ ತುಂಬಿಕೊಂಡು ಮನೆಗೆ ಬಂದಂತಿತ್ತು."

ಪಕ್ಕದಂಗಡಿಯ ಗಡಿಯಾರಗಳು
ಒಂದೊಂದೇ, ಒಂದಕ್ಕೊಂದು ತಾಳೆಯಿಲ್ಲದೆ, ನಾಲ್ಕು ಹೊಡೆದವು.

"ಹಾಗಾದರೆ ಈ ಕಪ್ಪು ಪಟ್ಟಿ ಯಾಕೆ?"
ಕೈಸಾಳ ದನಿ ಜಗಳಕ್ಕೆ ನಿಂತಿತ್ತು.
ಆ ಕಡೆ ಇನ್ನೂರ ನಲವತ್ತು, ಈ ಕಡೆ ಇನ್ನೂರ ನಲವತ್ತು, ಎಂದೆ.
ಕ್ಯಾಮೆರಾ ನೋಡದ ಜಾಗ.
ಮೇಲೆ ಕೆಳಗೆ ಕತ್ತರಿಸಿದರೆ ತುಂಬಿಸಬಹುದು;
ಟೋಪಿ ಹೋಗುತ್ತದೆ, ತೂತೂ ಹೋಗುತ್ತದೆ.

"ಎಡಗಡೆ ಪಟ್ಟಿಯಲ್ಲಿ ನೀನಿದ್ದೆ" ಎಂದಳು ಮೈಮು,
"ಸ್ಲೆಡ್ಡಿನ ಮೇಲೆ, ಕುರಿಯ ತುಪ್ಪಟದೊಳಗೆ, ನಿದ್ದೆ.
ಒಂದು ಕೈಯಲ್ಲಿ ಹಗ್ಗ, ಒಂದು ಕೈಯಲ್ಲಿ ಕ್ಯಾಮೆರಾ ನನಗೆ.
ನೋಡು, ಈಗ ಆ ಕಡೆ ತಿರುಗುತ್ತಾನೆ."

ತಿರುಗಿದ.
ಕಪ್ಪನ್ನು ನೋಡಿ ಏನೋ ಅಂದ.
ಮೈಕಿನಲ್ಲಿ ಬರೀ ಗಾಳಿ.

ತಪ್ಪು ಅಳತೆಯ ಫೈಲು ಈ ಅಂಗಡಿಯಿಂದ
ಹೊರಗೆ ಹೋದದ್ದಿಲ್ಲ. ಆ ದಿನ ಒಂದು ಹೋಯಿತು.
ಎರಡೂ ಕೊಡಿ, ಎಂದಿದ್ದಳು ಕೈಸಾ.
ಅಗಲದ್ದಕ್ಕೆ ಹೆಸರೇನಿಡಲಿ ಎಂದು ಕೇಳಿದರೆ
ಮೂಗು ಒರೆಸಿಕೊಂಡು, "ಟಿವಿಯ ಅಪ್ಪ" ಎಂದಳು.
ಇನ್ನೊಂದಕ್ಕೆ ಇಬ್ಬರೂ ಹೆಸರು ಹೇಳದೆ ಹೋದರು.
ತಾರೀಖು ಹಾಕಿದೆ.